ಉಪ್ಪು ನೀರಿನ ಚಿತ್ರ

ವರ್ಷಕ್ಕೊಮ್ಮೆ, ಬೇಸಿಗೆ ಮುಗಿಯುವ ಹೊತ್ತಿಗೆ, ನಮ್ಮೂರು ಟೋಲ್ಸ್‌ಫ್ಲೀಟಿನ ಜಲವರ್ಣ ಸಂಘದವರು ನನ್ನ ಅಟ್ಟಕ್ಕೆ ಬಂದು ವಕ್ಕರಿಸುತ್ತಾರೆ. ಇದು ನಮ್ಮಪ್ಪ ಹಾಯಿ ಹೊಲಿಯುತ್ತಿದ್ದ ಅಟ್ಟ. ಕೆಮ್ಮಣ್ಣು, ಮೀನೆಣ್ಣೆ ಕಲಸಿ ಹಾಯಿಗೆ ಬಳಿದ ವಾಸನೆ ಇನ್ನೂ ನೆಲದ ಹಲಗೆಗಳಿಂದ ಹೋಗಿಲ್ಲ. ಈಗ ಹಾಯಿ ಹೊಲಿಸುವವರು ಊರಿನಲ್ಲಿ ಇಲ್ಲ. ಹಾಯಿಯ ಚಿತ್ರ ಬಿಡಿಸುವವರಿಗೆ ಮಾತ್ರ ಬರವೇ ಇಲ್ಲ, ಕಲ್ಲೆಸೆದರೆ ಒಬ್ಬ ಜಲವರ್ಣದವನ ತಲೆಗೆ ತಗಲುತ್ತದೆ. ಎಸೆಯಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಡಾರ್ಕಸ್ ಫ್ರಾಸ್ಟ್ ಅಂದರೆ ನಾನೇ. ಅಟ್ಟ ನನ್ನದು, ಗೋಡೆ ನನ್ನದು, ಚಿತ್ರಗಳನ್ನು ತೆಗೆದುಕೊಂಡು ತೂಗುಹಾಕುವ ಕೆಲಸವೂ ನನ್ನದೇ. ಕುಂಚವನ್ನು ಮಾತ್ರ ಮುಟ್ಟಿದವಳಲ್ಲ. ಅದೊಂದು ಪಾಪ ನನ್ನ ತಲೆಯ ಮೇಲಿಲ್ಲ.

ಈ ಜನ ಬಿಡಿಸುವುದು ಒಂದೇ ಚಿತ್ರ. ಹಳೆಯ ಬಾರ್ಜು ಅಂದರೆ ಸರಕು ಸಾಗಿಸುವ ಚಪ್ಪಟೆ ತಳದ ಹಾಯಿದೋಣಿ, ಗಾಳಿ ತುಂಬಿದ ಕೆಂಪು ಹಾಯಿ, ಹಿಂದೆ ಮುಳುಗುವ ಸೂರ್ಯ, ಮೇಲೆ ಶಾಲೆಯ ಮೇಷ್ಟ್ರು ಸರಿ ಗುರುತು ಹಾಕಿದಂತೆ ನಾಲ್ಕು ಕಡಲಹಕ್ಕಿ. ನಮ್ಮ ಅಳಿವೆಯಲ್ಲಿ ಬಾರ್ಜು ಅರ್ಧ ದಿನ ಕೆಸರಿನಲ್ಲಿ ಹೊಟ್ಟೆಯೂರಿ ಕೂತಿರುತ್ತಿತ್ತು. ಹಾಯಿಯನ್ನು ಪರದೆ ಸರಿಸಿದ ಹಾಗೆ ಕೂವೆಮರಕ್ಕೆ ಒತ್ತಿ ಕಟ್ಟಿರುತ್ತಿದ್ದರು. ಇಳಿತದ ಹೊತ್ತಿಗೆ ಮೂಗು ಮುಚ್ಚಿಕೊಳ್ಳಬೇಕು. ಚಿತ್ರದಲ್ಲಿ ಆ ಕೆಸರು ಎಲ್ಲಿ ಎಂದು ಕೇಳಿದರೆ, "ಡಾರ್ಕಸ್, ಅದು ಮೂಡ್ ಹಾಳು ಮಾಡುತ್ತೆ" ಅನ್ನುತ್ತಾರೆ. ಈ ಕೆಸರಿನಲ್ಲೇ ಹುಟ್ಟಿ ಬೆಳೆದ ನಮ್ಮ ಮೂಡ್ ಏನಾಗಬೇಕಿತ್ತೋ ಯಾರಿಗೆ ಗೊತ್ತು.

ಆದರೂ ಈ ಸಂಘಕ್ಕೆ ಒಂದು ಮರ್ಯಾದೆಯ ಮಾತಿದೆ. ಅದನ್ನು ಕಟ್ಟಿದವನು ಜೇಬೆಜ್ ಓರಿನ್. ಬಾರ್ಜಿನ ಯಜಮಾನರಿಗೆ ಅವರವರ ಬಾರ್ಜಿನ ಚಿತ್ರ ಬಿಡಿಸಿಕೊಟ್ಟು ಹೊಟ್ಟೆ ಹೊರೆದವನು. ಬಾರ್ಜು ಕಟ್ಟುವ ದಡದ ಕಟ್ಟೆಯ ಮೆಟ್ಟಿಲ ಮೇಲೆ ಕೂತು, ಕುಂಚವನ್ನು ಅಳಿವೆಗೇ ಅದ್ದಿ, ಅದೇ ನೀರಿನಲ್ಲಿ ಬಣ್ಣ ಕಲಸುತ್ತಿದ್ದ. ಅವನಿಟ್ಟ ನಿಯಮ ಇಷ್ಟೇ: ಬಾರ್ಜನ್ನು ಕಣ್ಣೆದುರು ಇಟ್ಟುಕೊಂಡು, ಅದು ತೇಲುವ ನೀರಿನಲ್ಲೇ ಬಿಡಿಸಬೇಕು. ಇಲ್ಲದಿದ್ದರೆ ಅದು ಬಾರ್ಜಿನ ಚಿತ್ರವಲ್ಲ, ಬಿಸ್ಕತ್ತು ಡಬ್ಬದ ಮುಚ್ಚಳ.

ಉಪ್ಪುನೀರಿನಲ್ಲಿ ಬಿಡಿಸಿದ ಚಿತ್ರ ಪೂರ್ತಿ ಒಣಗುವುದೇ ಇಲ್ಲ. ಬಿಸಿಲಲ್ಲಿ ಸುಮ್ಮನಿರುತ್ತದೆ. ಮಂಜು ಬಂದರೆ, ಮಳೆ ಹತ್ತಿರವಾದರೆ, ಕಾಗದದ ಉಪ್ಪು ತೇವ ಹೀರಿಕೊಂಡು ಚಿತ್ರ ಬೆವರುತ್ತದೆ. ಜೇಬೆಜನ ಚಿತ್ರವೊಂದು ನನ್ನ ಅಟ್ಟ ಹತ್ತುವ ಮೆಟ್ಟಿಲ ಗೋಡೆಯಲ್ಲಿದೆ. ಬಟ್ಟೆ ಒಗೆದ ದಿನ ಪಕ್ಕದ ಮನೆಯವಳು ಕಿಟಕಿಯಿಂದಲೇ ಕೂಗುತ್ತಾಳೆ: "ಡಾರ್ಕಸ್, ಜೇಬೆಜ್ ಬೆವರ್ತಿದಾನೇನೇ?" ಬೆವರುತ್ತಿದ್ದಾನೆ ಅಂದರೆ ಬಟ್ಟೆಯನ್ನು ಒಲೆಯ ಮುಂದೆಯೇ ಹರಡಿಕೊಳ್ಳುತ್ತಾಳೆ. ರೇಡಿಯೋದವರ ಹವಾಮಾನಕ್ಕಿಂತ ನಮಗೆ ಜೇಬೆಜನ ಮೇಲೆ ನಂಬಿಕೆ ಹೆಚ್ಚು.

ಹಾಗಾಗಿ ಚಿತ್ರ ತಂದುಕೊಡುವಾಗ ಬಾಗಿಲಲ್ಲಿ ನಿಂತು ನಾನು ಕೇಳಬೇಕಿತ್ತು, "ಯಾರ ನೀರು?" ಅವರು, "ಅಳಿವೆ ನೀರು" ಅನ್ನಬೇಕಿತ್ತು. ಅಂದ ಮೇಲೆ ತೂಗುಹಾಕುತ್ತಿದ್ದೆ. ಯಾರನ್ನೂ ಪರೀಕ್ಷೆ ಮಾಡಿದ್ದಿಲ್ಲ. ಬಾಯಿಂದ ಬಂದ ಮಾತೇ ಸಾಕು ಎಂದುಕೊಂಡಿದ್ದ ಕಾಲ ಅದು.

ಆ ವರ್ಷದ ಸಂಗತಿಯೇ ಬೇರೆ. ನಮ್ಮ ಕಟ್ಟೆಯಲ್ಲಿ ಉಳಿದಿದ್ದ ಕೊನೆಯ ಬಾರ್ಜು 'ರೂತ್ ಅಬಿಗೈಲ್' ಮಾರಾಟವಾಗಿತ್ತು. ಕೊಂಡವನು ಬ್ರಿಸ್ಟಲ್ ಕಡೆಯ ಅಲಾರ್ಡೈಸ್ ಎಂಬ ಭಾರಿ ಆಳು, ಮಾತಿಗೊಮ್ಮೆ "ಅದ್ಭುತ" ಅನ್ನುವವನು. ಪ್ರದರ್ಶನದ ಮರುದಿನ ಬೆಳಗಿನ ಉಬ್ಬರಕ್ಕೆ ಬಾರ್ಜನ್ನು ತನ್ನೂರಿಗೆ ಒಯ್ಯುವವನಿದ್ದ. ಬಾರ್ಜು ಊರು ಬಿಡುವಾಗ ಅದರ ಜೊತೆ ಒಂದು ಚಿತ್ರ ಹೋಗಬೇಕು ಅನ್ನುವುದು ಇಲ್ಲಿನ ರೂಢಿ. ಸಂಘದವರು ಬಿಡಿಸಿದ್ದರಲ್ಲಿ ಒಂದನ್ನು ಹೊಸ ಯಜಮಾನ ಆರಿಸುತ್ತಾನೆ. ಅದನ್ನು ಬಾರ್ಜಿನ ಹಿಂಬದಿಯ ಕೋಣೆಯಲ್ಲಿ, ಒಲೆಯ ಪಕ್ಕದ ಮೊಳೆಗೆ ತೂಗುಹಾಕುತ್ತಾರೆ. ಒಮ್ಮೆ ಹಾಕಿದ್ದನ್ನು ಮತ್ತೆ ಇಳಿಸುವಂತಿಲ್ಲ.

ಆ ಮೊಳೆ ಬೇಕಾಗಿದ್ದದ್ದು ಥಿರ್ಜಾ ಮಸೆಟ್‌ಗೆ.

ಥಿರ್ಜಾ ಹುಟ್ಟಿದ್ದೇ ಆ ಕೋಣೆಯಲ್ಲಿ. ಅವಳಪ್ಪ ಈಲೈ ಆ ಬಾರ್ಜಿನ ಯಜಮಾನ, ಅಮ್ಮನೇ ಅವನ ಕೆಲಸದಾಳು. ನದಿಯ ಬಾಯಲ್ಲಿ ಮಂಜು ಕವಿದು ಲಂಗರು ಹಾಕಿ ನಿಂತಿದ್ದಾಗ ಕೂಸು ಹೊರಗೆ ಬಂತು, ಕರೆಯಲು ಸೂಲಗಿತ್ತಿ ಇರಲಿಲ್ಲ, ಈಲೈನೇ ಕೈ ತೊಳೆದುಕೊಂಡು ಕೂತ. ಒಲೆಯ ಪಕ್ಕದ ಮೊಳೆ ಅವನ ಟೋಪಿಯದು. ಒಂದು ಚಳಿಗಾಲ ಬರಿತಲೆಯಲ್ಲಿ ಕೋಣೆಯಿಂದ ಹೊರಗೆ ಬಂದವನು ಕಟ್ಟೆಯಿಂದ ಜಾರಿ ಕೆಸರಿಗೆ ಬಿದ್ದು ತೀರಿಕೊಂಡ. ಟೋಪಿ ಮೊಳೆಯಲ್ಲೇ ಇತ್ತು. ಅದನ್ನು ಅವನ ಜೊತೆಗೇ ಹೂಳಿದರು. ಆಮೇಲೆ ಬಾರ್ಜು ಎಷ್ಟು ಜನರ ಕೈ ಬದಲಾಯಿಸಿದರೂ ಆ ಮೊಳೆಗೆ ಯಾರೂ ಏನನ್ನೂ ಹಾಕಲಿಲ್ಲ.

ಥಿರ್ಜಾ ನನ್ನ ಜೊತೆ ಶಾಲೆಗೆ ಬಂದವಳು. ಚಿತ್ರಗಾರ್ತಿ ಅಂದರೆ ಮಹಾ ಚಿತ್ರಗಾರ್ತಿಯಲ್ಲ, ಸುಳ್ಳು ಯಾಕೆ ಹೇಳಲಿ. ಅವಳ ಆಕಾಶ ಯಾವಾಗಲೂ ಪಾತ್ರೆ ತೊಳೆದ ನೀರಿನ ಬಣ್ಣ. ಇದನ್ನು ಅವಳ ಮುಖಕ್ಕೇ ಹೇಳಿದ್ದೇನೆ. ಆದರೆ ಅವಳ ಬಾರ್ಜು ನಿಜವಾಗಿ ಕೆಸರಿನಲ್ಲಿ ಕೂತಿರುತ್ತದೆ, ಅದರ ಭಾರ ನೋಡುವವರಿಗೆ ತಿಳಿಯುತ್ತದೆ. ಬಾರ್ಜು ಮಾರಾಟವಾದ ಸುದ್ದಿ ಬಂದ ದಿನ ಅವಳು ನನ್ನ ಅಡುಗೆಮನೆಯಲ್ಲಿ ಕೂತು ಚಹಾ ಕುಡಿಯುತ್ತಾ ಒಂದೇ ಮಾತು ಆಡಿದ್ದಳು.

"ನಂಗೆ ಬಾರ್ಜೇನೂ ಬೇಡ ಕಣೇ. ಆದ್ರೆ ಅಪ್ಪನ ಮೊಳೆಗೆ ಆ ಹಾಲ್ಕಂಬ್‌ನ ಚಿತ್ರ ಹತ್ತಿದ್ರೆ ನಾನು ಸತ್ರೂ ಕಣ್ಣು ಮುಚ್ಚಲ್ಲ."

ಪೆರೆಗ್ರಿನ್ ಹಾಲ್ಕಂಬ್ ಯಾರೆಂದು ಹೇಳಿಬಿಡುತ್ತೇನೆ, ಹೇಳುವಾಗ ನನಗೆ ಸಂತೋಷವೂ ಆಗುತ್ತದೆ. ಲಂಡನ್ನಿನಲ್ಲಿ ಮನೆ ಮಾರಿಸುವ ದಲ್ಲಾಳಿಯಾಗಿದ್ದು, ನಿವೃತ್ತನಾದ ಮೇಲೆ ಇಲ್ಲಿ ಬಂದು ನೆಲೆಸಿದ ಮನುಷ್ಯ. ಬಂದ ವಾರವೇ ಮೀನುಗಾರರು ತೊಡುವ ನೀಲಿ ಅಂಗಿ ಹೊಲಿಸಿಕೊಂಡ. ಅದಕ್ಕೆ ಮೀನಿನ ವಾಸನೆಯೊಂದು ಬಿಟ್ಟು ಎಲ್ಲವೂ ಇತ್ತು. ಮೂರನೆಯ ವರ್ಷಕ್ಕೆ ಸಂಘದ ಅಧ್ಯಕ್ಷನಾದ. ಹಳ್ಳದ ಮನೆಯನ್ನು ಸರೋವರದ ಮನೆ ಎಂದು ಮಾರಿ ಪಳಗಿದವನಿಗೆ, ಟೋಲ್ಸ್‌ಫ್ಲೀಟಿನ ಕೆಸರನ್ನು ಚಿನ್ನದ ಸೂರ್ಯಾಸ್ತವೆಂದು ಮಾರುವುದು ಏನು ಮಹಾ ಕೆಲಸ? "ನಾನು ಬೆಳಗಿನ ಜಾವಕ್ಕೇ ಮೆಟ್ಟಿಲ ಮೇಲೆ ಇರ್ತೀನಿ ಕಣ್ರೀ, ಅಳಿವೆ ಜೊತೆ ನಂದು ಸಂಭಾಷಣೆ" ಎಂದು ಊರಿಗೆಲ್ಲಾ ಸಾರುತ್ತಿದ್ದ. ಬೆಳಗಿನ ಜಾವಕ್ಕೆ ಆ ಮೆಟ್ಟಿಲ ಮೇಲೆ ಇರುವವಳು ನಾನು, ಕಲ್ಲಿದ್ದಲ ಬೂದಿ ಚೆಲ್ಲಲು. ಅಲ್ಲಿ ಅವನ ನೆರಳನ್ನೂ ಕಂಡವಳಲ್ಲ.

ಚಿತ್ರಗಳನ್ನು ತೆಗೆದುಕೊಳ್ಳುವ ದಿನ ಅವನು ಬಾಗಿಲಷ್ಟು ಅಗಲದ, ಚಿನ್ನದ ಚೌಕಟ್ಟಿನ ಒಂದನ್ನು ಇಬ್ಬರು ಆಳುಗಳಿಂದ ಹೊರಿಸಿಕೊಂಡು ಬಂದ. ಬಾರ್ಜಿನ ಹಾಯಿ ಬೆಂಕಿ ಬಿದ್ದಂತೆ ಉರಿಯುತ್ತಿತ್ತು.

"ಯಾರ ನೀರು?" ಅಂದೆ.

"ಅಳಿವೆ ನೀರು, ಡಾರ್ಕಸ್, ಅಳಿವೆ ನೀರು. ನನ್ನ ರಕ್ತದಲ್ಲೂ ಅದೇ ಹರೀತಿರೋದು."

"ಹಾಗಾದ್ರೆ ಬೇಗ ಡಾಕ್ಟರ ಹತ್ರ ಹೋಗಿ. ಅದರಲ್ಲಿ ಊರಿನ ಕೊಳಚೆನೂ ಸೇರುತ್ತೆ."

ನಕ್ಕುಬಿಟ್ಟ. ಇಂಥವರಿಗೆ ಬೈದರೂ ನಾಟುವುದಿಲ್ಲ, ಅದೇ ನನಗೆ ಹೊಟ್ಟೆಯುರಿ.

ಥಿರ್ಜಾ ಖುದ್ದಾಗಿ ಬರಲಿಲ್ಲ. ಅವಳ ಚಿತ್ರವನ್ನು ಬ್ರೆಡ್ಡಿನ ವ್ಯಾನಿನವನು ತಂದುಕೊಟ್ಟು ಹೋದ. ಚಳಿಗಾಲದಲ್ಲಿ ಸೊಂಟ ಹಿಡಿದುಕೊಂಡ ಮೇಲೆ ಅವಳು ಹೊರಗೆ ಬರುವುದು ಅಪರೂಪವಾಗಿತ್ತು. ಯಾರ ನೀರು ಎಂದು ಬ್ರೆಡ್ಡಿನವನನ್ನು ಏನು ಕೇಳುವುದು? ಥಿರ್ಜಾಳನ್ನೂ ಕೇಳಬೇಕಾ? ನೇರ ಗೋಡೆಗೆ ಹಾಕಿದೆ, ಹಾಲ್ಕಂಬನ ಬೆಂಕಿಯ ಪಕ್ಕದಲ್ಲೇ, ಬೇಕೆಂದೇ.

ಶನಿವಾರ ಪ್ರದರ್ಶನ. ಬೆಳಗಾಗೆದ್ದು ನೋಡಿದರೆ ಕಡಲಮಂಜು ಊರನ್ನೇ ನುಂಗಿತ್ತು. ಮೆಟ್ಟಿಲ ಗೋಡೆಯಲ್ಲಿ ಜೇಬೆಜ್ ಧಾರಾಕಾರ ಬೆವರುತ್ತಿದ್ದ. ಗಾಜಿನೊಳಗೆ ಹನಿ ಕಟ್ಟಿ ಚೌಕಟ್ಟಿನ ಅಂಚಿಗೆ ಇಳಿಯುತ್ತಿತ್ತು. ಅಟ್ಟ ಹತ್ತಿ ದೀಪ ಹಾಕಿದವಳು, ಗೋಡೆಯ ಪಕ್ಕ ನಡೆದೆ. ಹಾಲ್ಕಂಬನ ಚಿತ್ರದ ಮುಂದೆ ಕಾಲು ತಾನೇ ನಿಂತಿತು. ಗಾಜು ಕನ್ನಡಿಯ ಹಾಗೆ ಸ್ವಚ್ಛ. ಕಾಗದ ತಮಟೆಯ ಚರ್ಮದ ಹಾಗೆ ಬಿಗಿ. ಒಂದು ಹನಿಯಿಲ್ಲ.

ಸಿಕ್ಕಿಬಿದ್ದೆಯಾ ಮಗನೇ, ಅಂದುಕೊಂಡೆ. ಆ ಖುಷಿಯಲ್ಲಿ ಉಳಿದ ಚಿತ್ರಗಳ ಕಡೆ ತಿರುಗಿಯೂ ನೋಡಲಿಲ್ಲ. ಒಲೆಗೆ ಕಲ್ಲಿದ್ದಲು ಹಾಕಿ, ಚಹಾಕ್ಕೆ ನೀರಿಟ್ಟು, ಅಪ್ಪನ ಹಾಯಿ ಕೊಯ್ಯುವ ಚಾಕುವನ್ನು ಮಸೆದು ಕಿಸೆಗೆ ಹಾಕಿಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಜನ ಬಂದರು. ಥಿರ್ಜಾಳನ್ನು ವ್ಯಾನಿನವನು ಮೆಟ್ಟಿಲವರೆಗೆ ತಂದ, ಇಬ್ಬರು ತೋಳು ಹಿಡಿದು ಮೇಲೆ ಹತ್ತಿಸಿದರು. ಮೂಲೆಯ ಕುರ್ಚಿಯಲ್ಲಿ ಕೂತು ಮಡಿಲಲ್ಲಿ ಕೈ ಇಟ್ಟುಕೊಂಡಳು. ಅಲಾರ್ಡೈಸ್ ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಕೇಕು ಹಿಡಿದು ಗೋಡೆಯುದ್ದಕ್ಕೂ "ಅದ್ಭುತ, ಅದ್ಭುತ" ಎನ್ನುತ್ತಾ ಬಂದ. ಥಿರ್ಜಾಳ ಚಿತ್ರಕ್ಕೆ ಒಂದು ಅದ್ಭುತ ಎಸೆದು, ಹಾಲ್ಕಂಬನ ಮುಂದೆ ಬಂದವನೇ ಬಾಯಿ ಕಳೆದು ನಿಂತ.

"ಇದೇ! ಇದೇ ನನ್ನ ಬಾರ್ಜು!"

"ಮಿಸ್ಟರ್ ಅಲಾರ್ಡೈಸ್," ಹಾಲ್ಕಂಬ್ ಎದೆಯ ಮೇಲೆ ಕೈ ಇಟ್ಟುಕೊಂಡ, "ಇದನ್ನ ನಾನು ಬಿಡಿಸಿದ್ದಲ್ಲ. ಅಳಿವೆನೇ ನನ್ನ ಕೈ ಹಿಡಿದು ಬಿಡಿಸ್ತು."

ಥಿರ್ಜಾ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ನನಗೆ ಇನ್ನು ತಡೆಯಲಿಲ್ಲ.

"ಒಂದು ನಿಮಿಷ," ಅಂದೆ. "ಮಿಸ್ಟರ್ ಅಲಾರ್ಡೈಸ್, ಮೆಟ್ಟಿಲ ಹತ್ರ ಒಂದು ಹಳೇ ಚಿತ್ರ ನೋಡಿದ್ರಲ್ಲ, ಹೇಗಿತ್ತು?"

"ಒದ್ದೆ ಆಗಿತ್ತು. ನಿಮ್ಮ ಸೂರು ಸೋರ್ತಿದೆ ಅಂತ ಕಾಣುತ್ತೆ."

"ನನ್ನ ಸೂರು ಸೋರಲ್ಲ. ಅದು ಅಳಿವೆ ನೀರಲ್ಲಿ ಬಿಡಿಸಿದ ಚಿತ್ರ, ಮಂಜು ಬಂದ್ರೆ ಬೆವರುತ್ತೆ. ಇದು ಯಾಕೆ ಬೆವರ್ತಿಲ್ಲ ಅಂತ ನಮ್ಮ ಅಧ್ಯಕ್ಷರನ್ನ ಕೇಳಿ."

ಹಾಲ್ಕಂಬನ ಮುಖ ಸ್ವಲ್ಪ ಕೆಂಪಾಯಿತು. "ನನ್ನದು ಒಳ್ಳೆ ಚೌಕಟ್ಟು ಡಾರ್ಕಸ್. ಗಾಳಿ ಆಡಲ್ಲ ಅದರೊಳಗೆ. ಲಂಡನ್ನಿಂದ ಮಾಡಿಸಿದ್ದು."

"ಹಾಗಾದ್ರೆ ಬಿಚ್ಚಿ ನೋಡೋಣ."

ಅವನು ಬೇಡ ಎನ್ನುವುದರೊಳಗೆ ಚಿತ್ರವನ್ನು ಇಳಿಸಿ ಬೋರಲು ಹಾಕಿ, ಹಿಂದಿನ ಕಂದು ಕಾಗದವನ್ನು ಚಾಕುವಿನಿಂದ ಕೊಯ್ದೆ. ಚಿತ್ರದ ಹಾಳೆಯ ಹಿಂಭಾಗದ ಒಂದು ಮೂಲೆಯನ್ನು ಎತ್ತಿ ನಾಲಿಗೆ ತಗುಲಿಸಿದೆ. ಪಾದ್ರಿಯ ಹೆಂಡತಿ ಅಯ್ಯೋ ಎಂದು ಬಾಯಿಗೆ ಕರವಸ್ತ್ರ ಹಿಡಿದುಕೊಂಡಳು.

"ಸಪ್ಪೆ," ಅಂದೆ. "ನಲ್ಲಿ ನೀರು. ಸ್ನಾನದ ಮನೇಲಿ ಬಿಡಿಸಿದ್ರೇನ್ರೀ ಇದನ್ನ?"

ಮುಂದೆ ಅದುಮಿ ಎಳೆದ ಪೆನ್ಸಿಲ್ ಚೌಕಗಳ ಗುರುತೂ ಹಾಳೆಯ ಹಿಂದೆ ಮೂಡಿತ್ತು. ಫೋಟೋದ ಮೇಲೆ ಚೌಕ ಎಳೆದು, ಚೌಕಕ್ಕೆ ಚೌಕ ನೋಡಿ ನಕಲು ಮಾಡುವ ಹುನ್ನಾರ. ಜನ ಗುಸುಗುಸು ಶುರುಮಾಡಿದರು. ನನ್ನ ಎದೆ ಉಬ್ಬಿತು. ಇಷ್ಟು ವರ್ಷ ಗೋಡೆಗೆ ಮೊಳೆ ಹೊಡೆದದ್ದಕ್ಕೆ ಒಂದು ದಿನವಾದರೂ ಫಲ ಸಿಕ್ಕಿತು ಅನ್ನಿಸಿತು.

ದಲ್ಲಾಳಿಯ ಬುದ್ಧಿ ನೋಡಿ. ಮನೆಗೆ ಗೆದ್ದಲು ಹಿಡಿದಿದೆ ಎಂದು ತೋರಿಸಿದರೆ ಇಡೀ ಬೀದಿಗೇ ಗೆದ್ದಲು ಅನ್ನುವ ಜಾತಿ ಅವನದು. "ಸರಿ," ಅಂದ, "ನಿಯಮ ಅಂದ್ರೆ ನಿಯಮ. ಒಪ್ಪಿಕೋತೀನಿ. ಆದ್ರೆ ನಂದು ಒಂದನ್ನೇ ಯಾಕೆ ನೆಕ್ಕಿದ್ರಿ? ಎಲ್ಲಾನೂ ನೆಕ್ಕಿ!"

"ಬಿಡ್ತೀನಾ?" ಅಂದೆ. "ತನ್ನಿ ಎಲ್ಲಾ."

ಆಮೇಲಿನದು ನೆನೆದರೆ ಇವತ್ತಿಗೂ ಬಾಯಿ ಒಗರಾಗುತ್ತದೆ. ಒಂದೊಂದೇ ಚಿತ್ರ ಇಳಿಸಿ, ಹಿಂದಿನ ಕಾಗದ ಕೊಯ್ದು, ಮೂಲೆಗೆ ನಾಲಿಗೆ ಮುಟ್ಟಿಸುತ್ತಾ ಹೋದೆ. ಔಷಧಿ ಅಂಗಡಿಯವನದು ಸಪ್ಪೆ.

"ಅಳಿವೆ ನೀರೇ ಡಾರ್ಕಸ್. ಆದ್ರೆ ಸೋಸಿಕೊಂಡೆ."

"ಸೋಸಿದ್ರೆ ಉಪ್ಪು ಹೋಗುತ್ತೇನಯ್ಯಾ? ನಿನ್ನ ಅಂಗಡಿ ಔಷಧಿ ಕುಡ್ಕೊಂಡು ನಾವೆಲ್ಲ ಇನ್ನೂ ಬದುಕಿರೋದೇ ಹೆಚ್ಚು."

ಪಾದ್ರಿಯ ಹೆಂಡತಿಯದೂ ಸಪ್ಪೆ. "ಅದು ಮಳೆನೀರು ಕಣಮ್ಮಾ," ಎಂದು ಅವಳು ಮೆಲ್ಲಗೆ ಅಂದಳು. "ಅಳಿವೆ ಮೇಲೆ ಬೀಳಬೇಕಾಗಿದ್ದ ಮಳೆ. ನಾನು ಮಧ್ಯದಲ್ಲಿ ಹಿಡಿದುಕೊಂಡೆ ಅಷ್ಟೇ." ದೇವರ ಹತ್ತಿರ ಇಂಥ ನೆಪವೆಲ್ಲ ನಡೆಯುತ್ತದೋ ಏನೋ, ನನ್ನ ಹತ್ತಿರ ನಡೆಯಲಿಲ್ಲ.

ಕೊನೆಗೆ ಒಬ್ಬನದು ಉಪ್ಪಾಗಿತ್ತು, ನಿವೃತ್ತ ಅಂಚೆಯವನದು. ಜನ ಉಸ್ಸಪ್ಪಾ ಎಂದರು. ನಾನು ಇನ್ನೊಮ್ಮೆ ನಾಲಿಗೆ ತಗುಲಿಸಿದೆ. ನಮ್ಮ ಅಳಿವೆಯ ಉಪ್ಪಿಗೆ ಕೆಸರಿನ ಕಹಿ ಇರುತ್ತದೆ, ಚಿಪ್ಪುಮೀನು ತಿಂದವರಿಗೆ ಗೊತ್ತು. ಇದು ಬರೀ ಉಪ್ಪು.

"ಇದು ಅಡುಗೆ ಉಪ್ಪು," ಅಂದೆ.

ಅಂಚೆಯವನು ತಲೆ ಕೆರೆದುಕೊಂಡ. "ಒಂದು ಚಮಚ ಹಾಕಿದ್ದೆ. ಕೆಳಗೆ ಹೋದ್ರೆ ಶೂ ಕೆಸರಾಗುತ್ತೆ ಅಂತ ನಮ್ಮನೇವಳು ಬೈತಾಳೆ."

ಈ ಜನರ ಬಗ್ಗೆ ನಾನು ಎಷ್ಟು ಕೀಳಾಗಿ ಯೋಚಿಸಿದ್ದೆನೋ ಅದಕ್ಕಿಂತ ಕೀಳಾಗಿದ್ದರು. ಜೇಬೆಜನ ಹೆಸರು ಹೇಳಿಕೊಂಡು, ಜೇಬೆಜನ ಮೆಟ್ಟಿಲಿಗೆ ಕಾಲಿಡದೆ, ನನ್ನ ಬಾಗಿಲಲ್ಲಿ ನಿಂತು ನನ್ನ ಮುಖಕ್ಕೇ ಅಳಿವೆ ನೀರು ಎಂದವರು. ಛೀ ಎಂದು ಎಲ್ಲರಿಗೂ ಕೇಳುವಂತೆ ಅಂದೆ.

ಗೋಡೆಯಲ್ಲಿ ಉಳಿದದ್ದು ಒಂದೇ ಚಿತ್ರ.

"ಇದೊಂದು ಇದೆಯಲ್ಲಾ," ಅಲಾರ್ಡೈಸ್ ಅಂದ. ಅವನಿಗೆ ತಮಾಷೆ ಹತ್ತಿತ್ತು, ಮೂರನೆಯ ಕೇಕಿಗೆ ಕೈ ಹಾಕಿದ್ದ. "ಇದು ಉಪ್ಪಾದ್ರೆ ಇದೇ ನನ್ನ ಮೊಳೆಗೆ. ಪಂದ್ಯ ಅಂದ್ರೆ ಪಂದ್ಯ!"

ಮೂಲೆಯಿಂದ ಥಿರ್ಜಾ ಅಂದಳು, "ಅದನ್ನ ಬಿಡೇ ಡಾರ್ಕಸ್."

ನಾಚಿಕೆಗೆ ಹಾಗೆ ಹೇಳುತ್ತಿದ್ದಾಳೆ ಅಂದುಕೊಂಡೆ. ಅವಳಿಗೆ ಎಲ್ಲರ ಕಣ್ಣು ತನ್ನ ಮೇಲೆ ಬಿದ್ದರೆ ಆಗುವುದಿಲ್ಲ. ಚಿತ್ರ ಇಳಿಸಿದೆ. ಇಳಿಸುವಾಗಲೇ ಕಣ್ಣಿಗೆ ಬಿತ್ತು, ಬೆಳಗ್ಗೆ ಬಿದ್ದಿರಬೇಕಿತ್ತು: ಗಾಜು ಒಣಗಿತ್ತು. ಹಿಂದಿನ ಕಾಗದ ಕೊಯ್ದು ಮೂಲೆಗೆ ನಾಲಿಗೆ ಇಟ್ಟೆ.

ಸಪ್ಪೆ.

ಇಡೀ ಅಟ್ಟ ನನ್ನ ಬಾಯನ್ನೇ ನೋಡುತ್ತಿತ್ತು. ಹಾಲ್ಕಂಬ್ ಕೈಕಟ್ಟಿ, ತುಟಿಯ ಕೊನೆಯಲ್ಲಿ ನಗು ಇಟ್ಟುಕೊಂಡು ಕಾಯುತ್ತಿದ್ದ. ನಾನೇ ಮಸೆದ ಚಾಕು, ನಾನೇ ಎತ್ತಿದ ಮಾತು, ಅದು ಹೋಗಿ ಹೋಗಿ ಈಲೈನ ಮೊಳೆಗೇ ಬಂದು ನಿಂತಿತ್ತು.

"ಉಪ್ಪು," ಅಂದೆ.

ಜೋರಾಗಿಯೇ ಅಂದೆ. ಸುಳ್ಳನ್ನು ಮೆಲ್ಲಗೆ ಹೇಳಬಾರದು.

"ಅದ್ಭುತ!" ಎಂದು ಅಲಾರ್ಡೈಸ್ ಚಪ್ಪಾಳೆ ತಟ್ಟಿದ.

ಥಿರ್ಜಾ ಕುರ್ಚಿಯ ತೋಳು ಹಿಡಿದು ಎದ್ದು ನಿಂತಳು. ಅವಳು ಎದ್ದು ನಿಲ್ಲುವುದೆಂದರೆ ಎಷ್ಟು ನೋವಿನ ಕೆಲಸ ಎಂದು ಆಗ ನೋಡಿದೆ.

"ಉಪ್ಪಲ್ಲ ಅದು," ಅಂದಳು. "ನನ್ನ ಅಡುಗೆಮನೆ ನಲ್ಲಿ ನೀರು. ನನಗೋಸ್ಕರ ನೀನು ಸುಳ್ಳು ಹೇಳ್ಬೇಡ ಡಾರ್ಕಸ್, ನಿನಗೆ ಹೇಳೋಕೂ ಬರಲ್ಲ."

"ಮತ್ತೆ ಯಾಕೆ ಕೊಟ್ಟು ಕಳ್ಸಿದೆ?" ನನ್ನ ದನಿ ಚೀರಿದಂತೆ ಬಂತು.

"ಯಾರ ನೀರು ಅಂತ ನನ್ನನ್ನ ಯಾರೂ ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ದೆ. ಕೇಳ್ದೆ ಇದ್ರೆ ಸಾಕು ದೇವರೇ ಅಂತಿದ್ದೆ. ನಂಗೆ ಆ ಮೊಳೆ ಬೇಕಾಗಿತ್ತು ಕಣೇ."

"ಅಳಿವೆ ಪಕ್ಕದಲ್ಲೇ ಇದೀಯಲ್ಲೇ! ಒಂದು ಬಕೆಟ್ ನೀರು!"

"ಆ ಪಾಚಿ ಮೆಟ್ಟಿಲು ಇಳಿಯೋಕೆ ನಂಗೆ ಆಗಲ್ಲ. ಚಳಿಗಾಲದಿಂದ ಆಗ್ತಿಲ್ಲ." ಅವಳು ಉಸಿರು ತೆಗೆದುಕೊಂಡಳು. "ನೀನು ದಿನಾ ಬೆಳಗ್ಗೆ ಬೂದಿ ಬಕೆಟ್ ಹಿಡ್ಕೊಂಡು ನನ್ನ ಕಿಟಕಿ ಮುಂದೇನೇ ಹೋಗ್ತೀಯ. ತುಂಬಿದ ಬಕೆಟ್ ಹೋಗುತ್ತೆ, ಖಾಲಿ ಬಕೆಟ್ ಬರುತ್ತೆ. ಬರೋವಾಗ ಒಂದಿಷ್ಟು ನೀರು ತಂದ್ಕೊಡೇ ಅನ್ನೋಣ ಅಂತ ಎಷ್ಟು ಸಲ ಬಾಗಿಲ ತನಕ ಬಂದೆ. ಮೆಟ್ಟಿಲು ಇಳಿಯೋಕಾಗದೋಳು ಚಿತ್ರ ಯಾಕೆ ಬಿಡಿಸ್ತೀಯ ಅಂತೀಯೇನೋ ಅಂತ ವಾಪಸ್ ಹೋದೆ."

ನಾನು ಅನ್ನುತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅನ್ನುತ್ತಿದ್ದೆ. ಅದೇ ಮಾತನ್ನು, ಅದೇ ಧಾಟಿಯಲ್ಲಿ ಅನ್ನುತ್ತಿದ್ದೆ, ಮನೆಗೆ ಹೋಗಿ ಅದನ್ನು ನೆನೆಸಿಕೊಂಡು ನಗುತ್ತಲೂ ಇದ್ದೆ. ಇಡೀ ಊರನ್ನು ಮೂದಲಿಸಿ ಮೂದಲಿಸಿ, ನನ್ನ ಹತ್ತಿರ ಒಂದು ಬಕೆಟ್ ನೀರು ಕೇಳಲೂ ಜನ ಹೆದರುವ ಹಾಗೆ ಮಾಡಿಕೊಂಡಿದ್ದೆ. ಆ ಗಳಿಗೆಯಲ್ಲಿ ಹಾಲ್ಕಂಬನಿಗಿಂತ ನನ್ನ ಮೇಲೆಯೇ ನನಗೆ ಹೆಚ್ಚು ಅಸಹ್ಯವಾಯಿತು, ಹಾಲ್ಕಂಬನ ಮೇಲಿನದು ಏನೂ ಕಡಿಮೆಯಾಗದೆಯೇ.

"ಹಾಗಾದ್ರೆ," ಹಾಲ್ಕಂಬ್ ಗಂಟಲು ಸರಿಮಾಡಿಕೊಂಡ, "ಎಲ್ಲರದೂ ಸಪ್ಪೆ ಅಂದ ಮೇಲೆ, ಚೆನ್ನಾಗಿರೋದನ್ನ ಆರಿಸೋದೇ ನ್ಯಾಯ ಅಲ್ವಾ ಮಿಸ್ಟರ್ ಅಲಾರ್ಡೈಸ್?"

"ಬಾಯ್ಮುಚ್ಚು," ಅಂದೆ. "ಬಾರ್ಜು ಇನ್ನೂ ಕಟ್ಟೆಯಲ್ಲೇ ಇದೆ."

ಕಲ್ಲಿದ್ದಲ ಬಕೆಟ್ಟನ್ನು ಒಲೆಯ ಮುಂದೆ ಬೋರಲು ಸುರಿದು, ಖಾಲಿ ಬಕೆಟ್ ಹಿಡಿದು ಕೆಳಗೆ ಓಡಿದೆ. ಉಬ್ಬರ ಏರುತ್ತಿತ್ತು. ಮಂಜಿನಲ್ಲಿ ಕಟ್ಟೆಯ ಮೆಟ್ಟಿಲು ಕಾಣುತ್ತಿರಲಿಲ್ಲ, ಮೂರನೆಯದರಲ್ಲಿ ಜಾರಿ ಸೊಂಟದವರೆಗೆ ನೀರಿಗೆ ಹೋದೆ, ಬಕೆಟ್ ಬಿಡಲಿಲ್ಲ. ಆ ಮೆಟ್ಟಿಲು ಎಂಥದ್ದು ಎಂದು ಮೊಣಕಾಲಿಗೆ ಚೆನ್ನಾಗಿ ತಿಳಿಯಿತು. ತೊಟ್ಟಿಕ್ಕುತ್ತಾ ಮೇಲೆ ಬಂದು ಬಕೆಟ್ಟನ್ನು ಥಿರ್ಜಾಳ ಕಾಲ ಬಳಿ ಇಟ್ಟೆ.

"ಯಾರ ನೀರು?" ಎಂದು ಅವಳೇ ಕೇಳಿದಳು.

"ಅಳಿವೆ ನೀರು. ಬಿಡಿಸು."

ಹಾಯಿ ಇಳಿಸಲೆಂದು ಅಪ್ಪ ಅಟ್ಟದ ಗೋಡೆಯಲ್ಲಿ ದೊಡ್ಡ ಬಾಗಿಲು ಇಡಿಸಿದ್ದರು. ಅದರ ಕೆಳಗೆ ನೇರ ಕಟ್ಟೆ, ಕಟ್ಟೆಗೆ ಒತ್ತಿ 'ರೂತ್ ಅಬಿಗೈಲ್'. ಬಾಗಿಲು ತೆರೆದು ಅವಳ ಕುರ್ಚಿಯನ್ನು ಅಲ್ಲಿಗೆ ಎಳೆದೆ. ಮಂಜು ಒಳಗೆ ನುಗ್ಗಿತು. ಪಾದ್ರಿಯ ಹೆಂಡತಿ ಒಂದು ಹಾಳೆ ಕೊಟ್ಟಳು, ಅಂಚೆಯವನು ಬಣ್ಣದ ಡಬ್ಬ ಕೊಟ್ಟ. ಕೆಳಗೆ ಬಾರ್ಜು ಇಡಿಯಾಗಿ ಕಾಣುತ್ತಲೇ ಇರಲಿಲ್ಲ. ಕಟ್ಟಿದ ಹಾಯಿಯ ಒಂದು ಕೆಂಪು ಪಟ್ಟೆ, ಓರೆಯಾಗಿ ಮೇಲೇರಿದ ಹಾಯಿಗಂಬದ ಅರ್ಧ, ಹಿಂಬದಿಯ ಕೋಣೆಯ ಹೊಗೆ ಕೊಳವೆ. ಉಳಿದದ್ದೆಲ್ಲ ಬಿಳಿ.

"ಏನೂ ಕಾಣ್ತಿಲ್ವಲ್ಲಾ?" ಎಂದ ಅಲಾರ್ಡೈಸ್.

"ನಾನು ಹುಟ್ಟಿದಾಗ್ಲೂ ಹೀಗೇ ಇತ್ತಂತೆ," ಎಂದಳು ಥಿರ್ಜಾ, ಕುಂಚವನ್ನು ಬಕೆಟ್ಟಿಗೆ ಅದ್ದುತ್ತಾ.

ಕಾಗದವನ್ನು ಹೆಚ್ಚುಕಡಿಮೆ ಖಾಲಿಯೇ ಬಿಟ್ಟಳು. ಕೆಮ್ಮಣ್ಣಿನ ಒಂದು ಗೆರೆ, ಬೂದಿಬಣ್ಣದ ಒಂದು ಓರೆ, ಕೊಳವೆಯಿಂದ ಸ್ವಲ್ಪ ಹೊಗೆ. ಆಕಾಶ ಎಂದಿನಂತೆ ಪಾತ್ರೆ ತೊಳೆದ ನೀರು, ಆದರೆ ಆ ದಿನದ ಆಕಾಶವೂ ಅದೇ ಆಗಿತ್ತು. ಮುಗಿಸಿದ ಮೇಲೆ ಕಾಗದ ಒಣಗುವ ಲಕ್ಷಣವೇ ಇರಲಿಲ್ಲ. ಹಾಲ್ಕಂಬ್ ಮುಂದೆ ಬಂದು ಹೇಳಿದ, "ನನ್ನ ಕಾರಲ್ಲಿ ಕೂದಲು ಒಣಗಿಸೋ ಮಷೀನ್ ಇದೆ. ನಾನು ಯಾವಾಗಲೂ ಅದರಲ್ಲೇ..." ಎಂದವನು ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ. ಅವನಿಗೆ ಕೂದಲು ಇದ್ದದ್ದೇ ಕಿವಿಯ ಪಕ್ಕ ಒಂದಿಷ್ಟು.

ಅಲಾರ್ಡೈಸ್ ಹಾಲ್ಕಂಬನ ಸೂರ್ಯಾಸ್ತವನ್ನು ಒಮ್ಮೆ ಆಸೆಯಿಂದ ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ಚಾಕುವನ್ನು ಇನ್ನೂ ಕಿಸೆಗೆ ಹಾಕಿರಲಿಲ್ಲ.

"ಇದೇ ಸರಿ," ಅಂದ. ಅದ್ಭುತ ಅನ್ನಲಿಲ್ಲ. ಅವನು ಆ ದಿನ ಆಡಿದ ಮಾತುಗಳಲ್ಲಿ ನಾನು ನಂಬಿದ್ದು ಅದೊಂದನ್ನೇ.

"ಮೊಳೆಗೆ ನಾನೇ ಹಾಕ್ಬೇಕು," ಎಂದಳು ಥಿರ್ಜಾ.

ಕಟ್ಟೆಯ ಪಾಚಿ ಮೆಟ್ಟಿಲು ಇಳಿಯಲಾರದವಳನ್ನು ಬಾರ್ಜಿಗೆ ಇಳಿಸುವುದು ಹೇಗೆ? ದೊಡ್ಡ ಬಾಗಿಲ ಮೇಲೆ ಅಪ್ಪನ ರಾಟೆ ಇನ್ನೂ ಇತ್ತು. ಹಾಯಿ ಇಳಿಸುವ ಕ್ಯಾನ್ವಾಸಿನ ತೊಟ್ಟಿಲಲ್ಲಿ ಅವಳನ್ನು ಕೂರಿಸಿ, ಹಗ್ಗಕ್ಕೆ ನಾನೂ ಅಂಚೆಯವನೂ ಔಷಧಿಯವನೂ ಕೈ ಕೊಟ್ಟೆವು. ಅವಳು ಒದ್ದೆ ಚಿತ್ರವನ್ನು ಎರಡು ಅಂಗೈ ಮೇಲೆ ತಟ್ಟೆಯ ಹಾಗೆ ಹಿಡಿದುಕೊಂಡಿದ್ದಳು.

"ನಿಧಾನಕ್ಕೆ ಬಿಡೇ! ನಾನೇನು ಕಲ್ಲಿದ್ದಲ ಮೂಟೆನಾ?"

"ಮೂಟೆ ಇಷ್ಟು ಮಾತಾಡಲ್ಲ."

"ಮುದಿ ಗೂಬೆ, ತಿರುಗ್ತಾ ಇದೀನಿ ಕಣೇ!"

ಈ ಬಾಗಿಲಿಂದ ಎಷ್ಟೋ ಹಾಯಿ ಇಳಿಸಿದ್ದೇನೆ, ಒಂದೂ ನನ್ನನ್ನು ಹೀಗೆ ಬೈದಿರಲಿಲ್ಲ. ನನಗೆ ನಗು ಬಂತು, ಕಣ್ಣೂ ಉರಿಯಿತು. ಅವಳು ಬಿಳಿಯೊಳಗೆ ಇಳಿದು ಮರೆಯಾದಳು. ಅಲಾರ್ಡೈಸನ ಆಳುಗಳು ಕೆಳಗೆ ಅವಳನ್ನು ಎತ್ತಿಕೊಂಡದ್ದು ಹಗ್ಗ ಸಡಿಲವಾದಾಗ ಗೊತ್ತಾಯಿತು. ಕೋಣೆಯೊಳಗೆ ಏನು ಮಾಡಿದಳೋ ನಾನು ಕೇಳಿಲ್ಲ, ಅವಳು ಹೇಳಿಲ್ಲ.

ಮರುದಿನ ಬೆಳಗ್ಗೆ ಮಂಜು ಹರಿದು, ಬಾರ್ಜು ಹೋಯಿತು. ಹಾಲ್ಕಂಬನ ಸೂರ್ಯಾಸ್ತವನ್ನು ದೊಡ್ಡ ಹೋಟೆಲಿನವರು ಕೊಂಡು ಊಟದ ಕೋಣೆಯಲ್ಲಿ ಹಾಕಿಕೊಂಡಿದ್ದಾರೆ. ಅಲ್ಲಿನ ಸೂಪಿಗೆ ಅದು ಸರಿಯಾದ ಜೋಡಿ. ಅವನು ಈಗಲೂ ಅಧ್ಯಕ್ಷ. ಚಿತ್ರ ತೆಗೆದುಕೊಳ್ಳುವ ದಿನ ನಾನು ಈಗ ಬಾಗಿಲಲ್ಲಿ ಏನನ್ನೂ ಕೇಳುವುದಿಲ್ಲ, ನಾಲಿಗೆ ಚಾಚುತ್ತೇನೆ. ಬೆಳಗ್ಗೆ ಬೂದಿ ಚೆಲ್ಲಿ ಬರುವಾಗ ಥಿರ್ಜಾಳ ಹೊಸ್ತಿಲಲ್ಲಿ ಒಂದು ಬಕೆಟ್ ಇಡುತ್ತೇನೆ. ಅವಳು ಉಪಕಾರದ ಮಾತು ಆಡುವುದಿಲ್ಲ, ಬೂದಿಯ ಪುಡಿ ತೇಲುತ್ತಿದೆ ಎಂದು ಬೈಯುತ್ತಾಳೆ.

ನವೆಂಬರಿನಲ್ಲಿ ಒಂದು ದಿನ ಅಲಾರ್ಡೈಸನ ಫೋನು ಬಂತು. ಬ್ರಿಸ್ಟಲ್‌ನಲ್ಲಿ ಮಳೆಯಂತೆ, ಅವನು ಬಾರ್ಜಿನಲ್ಲೇ ಮಲಗುತ್ತಾನಂತೆ.

"ಮಿಸ್ ಫ್ರಾಸ್ಟ್, ಆ ಚಿತ್ರ ಸೋರ್ತಿದೆ ಕಣ್ರೀ! ರಾತ್ರಿಯೆಲ್ಲ ನನ್ನ ದಿಂಬಿನ ಮೇಲೆ ತೊಟ್ಟಿಕ್ಕುತ್ತೆ. ಏನ್ ಮಾಡ್ಲಿ?"

"ಬೇಜಾರು ಮಾಡ್ಕೋಬೇಡಿ ಮಿಸ್ಟರ್ ಅಲಾರ್ಡೈಸ್," ಅಂದೆ. "ದಿಂಬು ಸರಿಸ್ಕೊಳ್ಳಿ. ಅದು ಥಿರ್ಜಾಳ ಅಪ್ಪನ ಮೊಳೆ."